ನಾಲ್ಕು ಮೈಲಿ ವೇಗದ ಚೇಸ್

ಢಂ!

ಗುಂಡು ನನ್ನ ಕಿವಿಯ ಪಕ್ಕದಲ್ಲೇ ಹಾರಿ ಹಾಯಿಯನ್ನು ತೂತು ಮಾಡಿತು.

"ಅಯ್ಯೋ ಮುಂಡೇದೇ! ಹೋದ ತಿಂಗಳು ತಾನೇ ತೇಪೆ ಹಾಕಿದ್ದೆ!" ಚುಕ್ಕಾಣಿ ಹಿಡಿದಿದ್ದ ಥೋರಾ ಅತ್ತೆ ಕಿರುಚಿದರು.

"ಅತ್ತೆ, ತಲೆ ತಗ್ಗಿಸಿ!"

"ತಗ್ಗಿಸಿದ್ರೆ ದಾರಿ ಯಾರಪ್ಪಾ ನೋಡೋರು?"

ನಾನು ಹಾಗನ್. ಕಳುವಾದ ದೋಣಿ ಹುಡುಕಿ ತರುವುದು ನನ್ನ ಕಸುಬು. ಅಲಾಸ್ಕಾದ ಈ ಕೊಲ್ಲಿಗಳಲ್ಲಿ ಬೇಕಾದಷ್ಟು ಚೇಸ್ ನೋಡಿದ್ದೇನೆ. ಆದರೆ ಗಂಟೆಗೆ ನಾಲ್ಕು ಮೈಲಿ ವೇಗದಲ್ಲಿ ತಪ್ಪಿಸಿಕೊಳ್ಳುವುದು... ಅದೇ ಮೊದಲು! ನಮ್ಮ ದೋಣಿಗೆ ಎಂಜಿನ್ನೇ ಇಲ್ಲ. ಅಡ್ಡಡ್ಡ ಬಿದಿರು ಕಟ್ಟಿದ ಚೀನೀ ಹಾಯಿ ಒಂದೇ ಗತಿ.

ಊರಿಗೆಲ್ಲ ಅತ್ತೆಯಾದ ಥೋರಾಗೆ ಈ ದೋಣಿಯೇ ಮನೆ. ಒಲೆ, ಹಾಸಿಗೆ, ಬೆಕ್ಕು, ಎಲ್ಲ ಇದರೊಳಗೇ. ಅವರ ಸ್ವಂತ ಅಣ್ಣನ ಮಗ ಲೈಲ್, "ಅತ್ತೆ ನಂಗೇ ಕೊಟ್ರು" ಅಂತ ಊರೆಲ್ಲ ಸಾರಿ ಇದನ್ನು ಎತ್ತಿಕೊಂಡು ಹೋಗಿದ್ದ. ಅರ್ಧಕ್ಕೆ ಸೀಳಿ, ತನ್ನ ಹೋಟೆಲಿನ ಮುಂದೆ ನಿಲ್ಲಿಸಿ, ಹೂಗಿಡ ನೆಡುತ್ತಾನಂತೆ! ಊರು ಅವನನ್ನೇ ನಂಬಿತು. ಮುದುಕಿಗೆ ಮರೆವು ಅಂದುಬಿಟ್ಟಿತು.

ಅದಕ್ಕೇ ನಾನೂ ಅತ್ತೆಯೂ ಬೆಳಿಗ್ಗೆ ದೋಣಿಯನ್ನು ವಾಪಸ್ ಕದ್ದೆವು. ಈಗ ಲೈಲ್ ಸ್ಪೀಡ್‌ಬೋಟಿನಲ್ಲಿ ಬೆನ್ನು ಹತ್ತಿದ್ದ.

"ಹತ್ರ ಬಂದ ಅತ್ತೆ!"

"ಬರ್ಲಿ. ಸಮುದ್ರದ ನೀರು ಇಳೀತಿದೆ."

"ಅದಕ್ಕೇನೀಗ?"

"ಬಾಯ್ಮುಚ್ಕೊಂಡು ಆ ಹಗ್ಗ ಹಿಡ್ಕೋ. ಬಿಡು ಅಂದಾಗ ಬಿಡು."

ಲೈಲ್ ಅಡ್ಡಗಟ್ಟಲು ಪಕ್ಕಕ್ಕೇ ಬಂದ. ಪಿಸ್ತೂಲು ನನ್ನ ಕಡೆ. ಕಣ್ಣೂ ನಮ್ಮ ಕಡೆ. ಮುಂದೇನಿದೆ ಅಂತ ನೋಡಲೇ ಇಲ್ಲ!

"ಬಿಡು!"

ಬಿಟ್ಟೆ. ಇಡೀ ಹಾಯಿ ದಡದಡನೆ ಮಡಚಿಕೊಂಡು ಕೆಳಗೆ ಬಿತ್ತು. ಲಂಗರು ಇಳಿಸಿದೆ. ನಾವು ನಿಂತೆವು.

ಲೈಲ್ ನಿಲ್ಲಲಿಲ್ಲ... ನಮ್ಮ ಮುಂದೆ ಹಾದು ಸೀದಾ ನೀರಿನಡಿಯ ಮರಳುದಿಬ್ಬ ಹತ್ತಿದ! ಪಿಸ್ತೂಲು ನೀರುಪಾಲಾಯಿತು. ಅವನ ಸುತ್ತ ಸಮುದ್ರ ಮೆಲ್ಲಗೆ ಹಿಂದೆ ಸರಿಯಿತು.

ಸಹಾಯಕ್ಕೆ ಕೂಗಲು ರೇಡಿಯೋ ಮೈಕು ಕೈಗೆತ್ತಿಕೊಂಡ. ಅಷ್ಟರಲ್ಲಿ ಅತ್ತೆ ಬಿದ್ದು ಬಿದ್ದು ನಕ್ಕರು.

"ನಗ್ತೀಯಾ ಮುದುಕಿ?"

ಅವನ ಮಾತು ನನಗೆ ಎರಡು ಸಲ ಕೇಳಿಸಿತು. ಒಮ್ಮೆ ದಿಬ್ಬದಿಂದ. ಒಮ್ಮೆ... ನಮ್ಮದೇ ರೇಡಿಯೋದಿಂದ! ಸಿಟ್ಟಿನಲ್ಲಿ ಮೈಕಿನ ಗುಂಡಿ ಅದುಮಿಕೊಂಡೇ ನಿಂತಿದ್ದ. ಇಲ್ಲಿ ಎಲ್ಲ ದೋಣಿಗಳ ರೇಡಿಯೋ ದಿನವಿಡೀ ಅದೇ ಚಾನೆಲ್‌ನಲ್ಲಿರುತ್ತದೆ.

ನಾನು ಏನೂ ಅರಿಯದವನಂತೆ ಕೇಳಿದೆ. "ಅಲ್ಲಯ್ಯಾ ಲೈಲ್, ಅತ್ತೆ ನಿಂಗೆ ಕೊಟ್ಟಿದ್ದು ತಾನೇ? ಯಾಕಿಷ್ಟು ಕೂಗಾಡ್ತೀಯಾ?"

"ಕೊಟ್ಳಂತೆ, ಕೊಟ್ಳು! ಮೀನಿನ ಮುಳ್ಳೂ ಕೊಡೋಳಲ್ಲ ಅವ್ಳು! ನಾನೇ ಹೊಡ್ಕೊಂಡ್ ಹೋದೆ. ಏನಿವಾಗ? ನಿಮ್ಮ ಮಾತು ಯಾವನು ನಂಬ್ತಾನೆ?"

ಗುಂಡಿಯ ಮೇಲಿದ್ದ ಅವನ ಬೆರಳು ಸಡಿಲವಾಯಿತು. ನಮ್ಮ ರೇಡಿಯೋ ಕರಕರ ಎಂದಿತು.

"ನಾನು ನಂಬ್ತೀನಿ ಲೈಲ್." ಬಂದರಿನ ಮುಖ್ಯಸ್ಥ ಐನಾರ್‌ನ ದನಿ!

"ನಾನೂ." ಯಾವುದೋ ಮೀನುದೋಣಿ.

"ನಾವೂನೂ!" ಇನ್ನೊಂದು.

ಮತ್ತೆ ಐನಾರ್. "ಅತ್ತೆ, ತಪ್ಪಾಯ್ತು ಕಣಮ್ಮಾ. ದೋಣಿ ತಂದು ನಿಮ್ಮ ಜಾಗದಲ್ಲೇ ಕಟ್ಟಿ. ನೀರು ಏರಿದ್ಮೇಲೆ ಅವನನ್ನ ಪೊಲೀಸ್ರು ಕರ್ಕೊಂಡ್ ಹೋಗ್ತಾರೆ."

ಅತ್ತೆ ಕಣ್ಣೊರೆಸಿಕೊಂಡರು.

ಲೈಲ್ ಚಳಿಗೆ ಗಡಗಡ ನಡುಗುತ್ತಿದ್ದ. ಅತ್ತೆ ಒಳಗೆ ಹೋಗಿ ಮೀನಿನ ತಲೆಯ ಸೂಪು ಬಿಸಿ ಮಾಡಿ ತಂದರು.

"ಕೊಟ್ಟು ಬಾ. ಎಷ್ಟಾದ್ರೂ ಅಣ್ಣನ ಮಗ. ಎದುರಿಗೇ ನಿಂತು ಪೂರ್ತಿ ಕುಡಿಸು."

ಆ ಸೂಪು ನಾನೂ ಒಮ್ಮೆ ಕುಡಿದಿದ್ದೇನೆ ಸ್ವಾಮಿ... ಜೈಲೇ ವಾಸಿ!