ಐದಕ್ಕೆ ಎರಡೇ ಮಾರ್ಕು

ಲಂಡನ್ನಿನ ಹ್ಯಾರೋದಲ್ಲಿ ಆ ರೇಡಿಯೊ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಸದಾನಂದ ದಿನಾ ಮಧ್ಯಾಹ್ನ ಫೋನ್ ಮಾಡಿ, "ಸರಿ ಕೇಳೂದಿಲ್ಲ ಮಾರಾಯ್ರೆ, ಐದಕ್ಕೆ ಎರಡೇ ಮಾರ್ಕು" ಅನ್ನುತ್ತಿದ್ದ. ಸುಳ್ಳು! ಹಸಿ ಹಸಿ ಸುಳ್ಳು.

ಯಾಕೆ ಅಂತೀರಾ? ಅದು ೧೯೯೪ರ ಬೇಸಿಗೆ. ಪಶ್ಚಿಮ ಲಂಡನ್ನಿಗೆ ಕಂಟ್ರಿ ಮ್ಯೂಸಿಕ್ ಕೇಳಿಸಲು ಹೇಸ್ಟ್ಯಾಕ್ ರೇಡಿಯೊ ಅಂತ ಹೊಸ ಸ್ಟೇಷನ್ ಶುರುವಾಗುವುದಿತ್ತು. ಅದಕ್ಕೆ ಮೊದಲು ಆರು ವಾರ ಬರೀ ಟೆಸ್ಟಿಂಗ್. ಅವರು ಹಾಡು ಹಾಕುವುದು, ಕೇಳಿದವರು ಪುಕ್ಕಟೆ ನಂಬರಿಗೆ ಫೋನ್ ಮಾಡಿ ಎಷ್ಟು ಕ್ಲಿಯರ್ ಅಂತ ಮಾರ್ಕು ಕೊಡುವುದು.

ಗ್ರೀನ್‌ಫರ್ಡ್ ಗೋಡೌನಿನಿಂದ ಹ್ಯಾರೋದ ಅಂಗಡಿಗಳಿಗೆ ಅಕ್ಕಿಬೇಳೆ ಸಾಗಿಸುವ ವ್ಯಾನ್ ಡ್ರೈವರ್ ನಮ್ಮ ಸದಾನಂದ. ಮೊದಲ ದಿನ ಸತ್ಯವನ್ನೇ ಹೇಳಿದ್ದ: ಐದಕ್ಕೆ ಐದು. "ಥ್ಯಾಂಕ್ಯೂ, ಬೈ" ಅಂದಿತು ಒಂದು ಹೆಣ್ಣುದನಿ. ಅಷ್ಟರಲ್ಲಿ ಫೋನ್ ಬೂತಿನ ಬಾಗಿಲಿಗೆ ಬೆರಳು ಸಿಕ್ಕಿ, "ಅಯ್ಯಯ್ಯೋ, ಸತ್ತೆ ಮಾರಾಯ!" ಅಂತ ಕೂಗಿಕೊಂಡ. ಆ ಕಡೆಯಿಂದ ಕಿಲಕಿಲ ನಗು.

"ಹ್ವಾಯ್, ಕುಂದಾಪುರದವರಾ? ನಮ್ಮದು ಉಡುಪಿ. ನಾನು ನೀರಜಾ."

ಮಾರನೆಯ ದಿನ ವ್ಯಾನು ರೈಲ್ವೆ ಸೇತುವೆಯ ಕೆಳಗಿತ್ತು, ರೇಡಿಯೊ ನಿಜಕ್ಕೂ ಗೊರಗೊರ ಅಂದಿತ್ತು. "ಎರಡು ಮಾರ್ಕು" ಅಂದ. ತಗೊಳ್ಳಿ, ಪ್ರಶ್ನೆಯ ಮೇಲೆ ಪ್ರಶ್ನೆ! ಕಡಿಮೆ ಕೊಟ್ಟವರಿಗೆ ಫಾರ್ಮಿನಲ್ಲಿ ಬೇರೆ ಪ್ರಶ್ನೆಗಳುಂಟಂತೆ. ಗೊರಗೊರವಾ, ಸಿಳ್ಳೆಯಾ? ಎಂಥ ಹಾಡು ಇಷ್ಟ? ಮನೆಯಲ್ಲಿ ಕೇಳುವವರು ಎಷ್ಟು ಜನ? ಮದುವೆ ಆಗಿದೆಯಾ?

"ಅದೂ ಕೇಳ್ತಾರಾ?"

"ಇಂಗ್ಲಿಷರ ಫಾರ್ಮಲ್ವಾ, ಎಲ್ಲ ಕೇಳ್ತಾರೆ. ಬೇಗ ಹೇಳಿ, ಬರ್ಕೊಳ್ಬೇಕು."

"ಆಗ್ಲಿಲ್ಲ."

ಆ ಕಡೆ ಪೆನ್ನಿನ ಸದ್ದೇ ಕೇಳಲಿಲ್ಲ.

ಹನ್ನೊಂದು ಪ್ರಶ್ನೆ, ಇಪ್ಪತ್ತು ನಿಮಿಷ. ಐದು ಮಾರ್ಕು ಕೊಟ್ಟು ಒಂದೇ ನಿಮಿಷದಲ್ಲಿ ಬೈ ಅನ್ನಿಸಿಕೊಳ್ಳುವುದಕ್ಕೆ ಅವನಿಗೇನು ಹುಚ್ಚೇ? ಅಂದಿನಿಂದ ಎಲ್ಲಿ ನಿಂತರೂ ಎರಡೇ. ಶನಿವಾರ, ಭಾನುವಾರ ಲೈನ್ ಇರುತ್ತಿರಲಿಲ್ಲ. ಆ ಎರಡು ದಿನ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ತೊಳೆದ ವ್ಯಾನನ್ನೇ ಮತ್ತೆ ತೊಳೆಯುತ್ತಿದ್ದ.

ನಾಲ್ಕನೆಯ ವಾರ ಅವಳ ದನಿ ಕುಗ್ಗಿಹೋಗಿತ್ತು.

"ಹ್ಯಾರೋದಲ್ಲಿ ಬೇರೆ ಯಾರಿಗೂ ತೊಂದರೆ ಇಲ್ವಂತೆ. ಎಂಜಿನಿಯರ್ ಬ್ರಯಾನ್ ಎರಡು ಸಲ ಹೋಗಿ ಚೆಕ್ ಮಾಡಿದ್ರು. ನಿಮ್ಮ ಫಾರ್ಮುಗಳನ್ನೆಲ್ಲ ನಾನೇ ಸೃಷ್ಟಿ ಮಾಡಿದ್ದು ಅಂತ ಅವರಿಗೆ ಡೌಟು. ನಾಳೆಯೊಳಗೆ ಪ್ರೂವ್ ಮಾಡದಿದ್ರೆ ಕೆಲಸ ಹೋಗ್ತದೆ. ಮತ್ತೆ ಅಪ್ಪ ದೂರದ ಕ್ರೋಯ್ಡನ್ನಿಗೆ, ಮಾವನ ಆಫೀಸಿಗೆ ಕಳಿಸ್ತಾರೆ."

ಸದಾನಂದ ಫೋನ್ ಇಟ್ಟುಬಿಟ್ಟ. ನಿಜ ಹೇಳಿದರೆ ಇವನೊಬ್ಬ ಸುಳ್ಳುಗಾರ ಅಂತ ಅವಳು ಮುಖ ತಿರುಗಿಸುತ್ತಾಳೆ. ಹೇಳದಿದ್ದರೆ ಅವಳ ಕೆಲಸಕ್ಕೇ ಸಂಚಕಾರ. ಥೂ, ಎಂಥ ಗಂಡಸು ನೀನು ಅಂತ ತನ್ನನ್ನೇ ಬೈದುಕೊಂಡ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ರೇಡಿಯೊ ಸ್ಟೇಷನ್ನಿನ ಆಫೀಸಿಗೆ ಹೋದ. ಮೇಜಿನ ಹಿಂದೆ ಹಸಿರು ಕಾರ್ಡಿಗನ್ ತೊಟ್ಟ ಹುಡುಗಿ. ಉದ್ದ ಜಡೆ, ಅತ್ತು ಕೆಂಪಾದ ಮೂಗು. ಅವಳು ತಲೆಯೆತ್ತಿ ಒಮ್ಮೆ ನೋಡಿದಳು, ಗುರುತು ಹತ್ತದೆ ಮತ್ತೊಮ್ಮೆ ನೋಡಿದಳು. ಇಷ್ಟು ಚಂದ ಇದ್ದಾಳೆ ಅಂತ ಮೊದಲೇ ಗೊತ್ತಿದ್ದರೆ ಅವನಿಗೆ ಫೋನ್ ಮಾಡುವ ಧೈರ್ಯವೇ ಬರುತ್ತಿರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಬ್ರಯಾನ್‌ಗೆ ತನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಎಲ್ಲ ಒಪ್ಪಿಸಿದ. "ಈ ಮೇಡಂದು ತಪ್ಪಿಲ್ಲ. ಫೋನ್ ಮಾಡಿದ್ದೂ ನಾನೇ, ಸುಳ್ಳು ಹೇಳಿದ್ದೂ ನಾನೇ. ಎರಡು ಮಾರ್ಕಿಗೆ ಹನ್ನೊಂದು ಪ್ರಶ್ನೆ ಕೇಳ್ತಾರೆ. ಇವರ ಮಾತು ಕೇಳ್ತಾ ಇರ್ಬೇಕು ಅನ್ಸ್ತದೆ ಸರ್, ಅದಕ್ಕೆ."

ಬ್ರಯಾನ್ ಫಾರ್ಮನ್ನು ಹಿಂದೆ ಮುಂದೆ ತಿರುಗಿಸಿದ. "ಹನ್ನೊಂದಾ? ಇಲ್ಲಿರೋದು ನಾಲ್ಕೇ."

ಸದಾನಂದ ನೀರಜಾಳನ್ನು ನೋಡಿದ. ಅವಳು ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತ ಗೋಡೆ ನೋಡುತ್ತಿದ್ದಳು. ಕಿವಿಯವರೆಗೂ ಕೆಂಪೇರಿತ್ತು.

"ಇವನ ಫಾರ್ಮುಗಳನ್ನೆಲ್ಲ ಹರಿದು ಹಾಕು. ನಾಳೆಯಿಂದ ನಾಲ್ಕೇ ಪ್ರಶ್ನೆ" ಅಂದ ಬ್ರಯಾನ್, ನಗು ತಡೆದುಕೊಂಡು ಒಳಗೆ ಹೋದ.

"ಮದುವೆ ಆಗಿದೆಯಾ ಅಂತ ಕೇಳಿದ್ದು?" ಸದಾನಂದ ಮೆಲ್ಲಗೆ ಕೇಳಿದ.

"ಅದು ನನಗೇ ಬೇಕಿತ್ತು." ಅವಳು ಓರೆಗಣ್ಣಿನಲ್ಲಿ ನೋಡಿ ತಟ್ಟನೆ ಗಂಭೀರಳಾದಳು. "ನೀವು ಇನ್ನು ಫೋನ್ ಮಾಡಬೇಡಿ."

ಅವನು ತಲೆ ತಗ್ಗಿಸಿ ಬಾಗಿಲ ಕಡೆ ತಿರುಗಿದ.

"ಭಾನುವಾರ ಮನೆಗೇ ಬನ್ನಿ. ಅಪ್ಪ ನನಗಿಂತ ಜಾಸ್ತಿ ಪ್ರಶ್ನೆ ಕೇಳ್ತಾರೆ. ಅವರ ಹತ್ರ ಮಾತ್ರ ಒಂದೂ ಸುಳ್ಳು ಹೇಳಬೇಡಿ."