ಫ್ರೇಮಿನವನ ತಪ್ಪೊಪ್ಪಿಗೆ

ಮೊದಲ ದಿನ ಗುಬ್ಬಿ ಫ್ರೇಮ್ ಹಾಕಿಸಲು ತಂದದ್ದು ಒಂದು ಚಿಲಕದ ಫೋಟೋ.

ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಮುರಿದ ಚಿಲಕ, ಕಿತ್ತು ನೇತಾಡುವ ಎರಡು ಸ್ಕ್ರೂ. ಆಮೇಲೆ ಅವಳನ್ನು ನೋಡಿದ.

"ಮನೆಯವರಿಗೆ ಬೇಕಾದ ಚಿಲಕನಾ?"

"ಹೂಂ. ತುಂಬಾ ಹಚ್ಕೊಂಡಿದ್ರು."

ಅವನು ನಗಲಿಲ್ಲ. ಆದರೆ ತುಟಿಯ ಎಡ ಮೂಲೆ ಕೂದಲೆಳೆಯಷ್ಟು ಮೇಲೆ ಹೋದದ್ದು ಗುಬ್ಬಿಗೆ ಕಂಡಿತು. ಕಾಣುವುದೇ ಅವಳ ಕಸುಬು.

ಅವಳ ಮನೆಯವರೆಲ್ಲರ ಕಸುಬೂ ಅದೇ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲ್ಮಹಡಿಯಲ್ಲಿ ಅವರ ಪತ್ತೇದಾರಿ ಆಫೀಸು. ಕೆಳಗಿನಿಂದ ಕಿರುಚಾಟ ಕೇಳಿದಾಗ ಎಷ್ಟೋ ಜನ ಬೆಚ್ಚಿಬಿದ್ದು ನಿಜ ಹೇಳಿಬಿಡುತ್ತಿದ್ದರು. ಅಪ್ಪ ಮೂವತ್ತು ವರ್ಷ ಪೊಲೀಸರಿಗೆ ಬೆರಳಚ್ಚು ನೋಡಿಕೊಟ್ಟವರು. ಅಮ್ಮ ವಿಮಾ ಕಂಪನಿಯಲ್ಲಿದ್ದಾಗ, ಸತ್ತಿದ್ದಾರೆಂದು ಕಾಗದದಲ್ಲಿದ್ದ ಹನ್ನೊಂದು ಜನರನ್ನು ಜೀವಂತ ಹಿಡಿದುಕೊಟ್ಟವರು. ಅಣ್ಣ ತೆಗೆಯಲಾರದ ಬೀಗವಿರಲಿಲ್ಲ, ಅವನ ಸೈಕಲ್ಲಿನದೊಂದು ಬಿಟ್ಟು. ಗುಬ್ಬಿಯ ಕೆಲಸ ಹಿಂಬಾಲಿಸುವುದು. ಇಪ್ಪತ್ತೊಂಬತ್ತು ವರ್ಷವಾದರೂ ಅವಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕೆಲಸಕ್ಕೆ ಅದು ಅನುಕೂಲ. ಉಳಿದದ್ದಕ್ಕೆ ಅಲ್ಲ.

ಈ ಸಲದ ಕೇಸು ಹೀಗಿತ್ತು. ಫ್ರೇಮಿನವನ ಭಾವ, ಅಂದರೆ ಅವನ ಅಕ್ಕನ ಗಂಡ, ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಮೂರೂವರೆಗೆ ಮನೆಯ ಮೆಟ್ಟಿಲಿನಿಂದ ಉರುಳಿ ಸತ್ತಿದ್ದ. ಕುಡಿದಿದ್ದ, ಕಾಲು ಜಾರಿತು ಎಂದು ಪೊಲೀಸರು ಫೈಲು ಮುಚ್ಚಿದರು. ಸತ್ತವನ ತಾಯಿ ಒಪ್ಪಲಿಲ್ಲ. ಗುಬ್ಬಿಯ ಆಫೀಸಿಗೆ ಬಂದು ಕೂತು, ಒಣಗಿದ ಕಣ್ಣಲ್ಲೇ ಹೇಳಿದಳು: "ನನ್ನ ಸೊಸೆಯ ತಮ್ಮನೇ ತಳ್ಳಿರೋದು. ಇನ್ನೊಂದು ಸಲ ಅಕ್ಕನ ಮೇಲೆ ಕೈ ಮಾಡಿದ್ರೆ ಕೊಂದುಬಿಡ್ತೀನಿ ಅಂತ ನನ್ನೆದುರಿಗೇ ಅಂದಿದ್ದ."

ಅಂಗಡಿಗೆ ಹೋಗಲು ನೆಪ ಬೇಕಿತ್ತು. ಪತ್ತೇದಾರರ ಮನೆಯಲ್ಲಿ ಫೋಟೋಗಳಿಗೆ ಬರವಿಲ್ಲ, ಆದರೆ ಎಲ್ಲವೂ ಹಳೆಯ ಕೇಸುಗಳದ್ದು. ಎರಡನೇ ದಿನ ಕೆಸರಿನಲ್ಲಿ ಮೂಡಿದ ಬೂಟಿನ ಗುರುತು ಒಯ್ದಳು. ಮೂರನೇ ದಿನ ಯಾರೋ ಬಿಟ್ಟುಹೋದ ಕೊಡೆ.

"ಪಾಪ," ಎಂದ ಅವನು ಕೊಡೆಯನ್ನು ನೋಡಿ. "ವಯಸ್ಸೆಷ್ಟಾಗಿತ್ತು?"

ಗುಬ್ಬಿ ನಕ್ಕುಬಿಟ್ಟಳು. ಕೆಲಸದ ಮೇಲಿದ್ದಾಗ ಅವಳು ನಕ್ಕದ್ದು ಅದೇ ಮೊದಲು.

ನಾಲ್ಕನೇ ದಿನ ಅವನು ಗಾಜು ಕೊಯ್ಯುತ್ತಿದ್ದಾಗ ಅಂಗೈಯಲ್ಲಿ ಒಂದು ಉದ್ದನೆಯ ಗಾಯದ ಕಲೆ ಕಂಡಿತು. ಆರು ಹೊಲಿಗೆ. ಗುಬ್ಬಿ ಅಲ್ಲಿಂದ ನೇರ ಅದೇ ಬೀದಿಯ ಮೂಲೆಯ ಕ್ಲಿನಿಕ್ಕಿಗೆ ಹೋಗಿ, ನರ್ಸಿನ ಜೊತೆ ಅರ್ಧ ಗಂಟೆ ಅವಳ ಅತ್ತೆಯ ದೂರು ಕೇಳಿ, ರಿಜಿಸ್ಟರು ನೋಡಿ, ಆ ಪುಟದ ನಕಲು ಮಾಡಿಕೊಂಡು ಬಂದಳು. ಭಾವ ಸತ್ತ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಫ್ರೇಮಿನವನು ಕ್ಲಿನಿಕ್ಕಿನ ಬೆಂಚಿನ ಮೇಲೆ ಅಂಗೈ ಹೊಲಿಸಿಕೊಳ್ಳುತ್ತಿದ್ದ.

ಅಲ್ಲಿಗೆ ಅವಳ ಕೆಲಸ ಮುಗಿದಿತ್ತು. ಆದರೂ ಐದನೇ ದಿನ ಹೋದಳು. ಆರನೇ ದಿನವೂ. ಅವನು ಅಂಟಿನ ಡಬ್ಬಿಯ ಪಕ್ಕ ಎರಡು ಲೋಟ ಟೀ ಇಡತೊಡಗಿದ. ಮಾತಿನ ನಡುವೆ ಅವನ ನೋಟ ಅವಳ ಕಿವಿಯ ಹತ್ತಿರ ಬಂದು, ಸಿಕ್ಕಿಬಿದ್ದ ಹಾಗೆ ಗಾಜಿಗೆ ಮರಳುತ್ತಿತ್ತು. ಇಷ್ಟು ವರ್ಷ ಅಷ್ಟು ಜನರನ್ನು ನೋಡಿದ ಗುಬ್ಬಿಗೆ, ಯಾರೋ ತನ್ನನ್ನು ನೋಡುವುದು ಎಂದರೆ ಹೇಗಿರುತ್ತದೆ ಎಂದು ಗೊತ್ತೇ ಇರಲಿಲ್ಲ.

"ನಿರಪರಾಧಿಯನ್ನ ಇಷ್ಟು ದಿನ ಫಾಲೋ ಮಾಡೋದು ನಮ್ಮ ಆಫೀಸಿನಲ್ಲೇ ಮೊದಲು," ಎಂದ ಅಣ್ಣ.

"ಊಟಕ್ಕೆ ಕೂತಾಗ ಕೇಸಿನ ಮಾತು ಬೇಡ," ಎಂದರು ಅಮ್ಮ. ಅವರ ತಟ್ಟೆಯ ಪಕ್ಕದಲ್ಲೇ ಓದುತ್ತಿದ್ದ ಪೋಸ್ಟ್‌ಮಾರ್ಟಂ ವರದಿಯಿತ್ತು.

ಹನ್ನೆರಡನೇ ದಿನ ಅವಸರದಲ್ಲಿ ಗುಬ್ಬಿ ಕೈಗೆ ಸಿಕ್ಕ ಕವರನ್ನೇ ಒಯ್ದಳು. ದಾರಿಯುದ್ದಕ್ಕೂ ಇವತ್ತು ಅವನು ಏನೆಂದು ತಮಾಷೆ ಮಾಡಬಹುದು ಎಂದೇ ಯೋಚಿಸುತ್ತಿದ್ದಳು.

ಅವನು ಫೋಟೋ ಹೊರತೆಗೆದ. ಸಿಮೆಂಟಿನ ಮೆಟ್ಟಿಲು, ಕೆಳಗೊಂದು ಒಂಟಿ ಚಪ್ಪಲಿ, ಅದರ ಪಕ್ಕ ಕಪ್ಪಗಿನ ಕಲೆ.

ಅವನು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಈ ಮೆಟ್ಟಿಲು ನನಗೆ ಗೊತ್ತು," ಎಂದ. "ನೀವು ಯಾರು?"

ಗುಬ್ಬಿ ಹೇಳಿದಳು. ಒಂದೂ ಮುಚ್ಚಿಡಲಿಲ್ಲ. ಅವನು ಎದ್ದು, ಲೋಟದ ಟೀಯನ್ನು ಸಿಂಕಿಗೆ ಸುರಿದು ಬಂದು ನಿಂತ.

"ಸರಿ. ನಾನೇ ತಳ್ಳಿದ್ದು. ಬರ್ಕೊಳ್ಳಿ."

"ಎಷ್ಟು ಗಂಟೆಗೆ?"

"ಮೂರೂವರೆಗೆ."

"ಮೂರೂವರೆಗೆ ನಿಮ್ಮ ಕೈಗೆ ನಾಲ್ಕನೇ ಹೊಲಿಗೆ ಬೀಳ್ತಿತ್ತು. ನೋವಾಗ್ತಿದೆ ಅಂತ ನರ್ಸಮ್ಮನ ಸೆರಗು ಹಿಡ್ಕೊಂಡಿದ್ರಂತೆ."

ಅವನ ಮುಖ ಬಿಳುಚಿಕೊಂಡಿತು. "ಯಾವಾಗಿಂದ ಗೊತ್ತು?"

"ನಾಲ್ಕನೇ ದಿನದಿಂದ."

"ಇವತ್ತು ಹನ್ನೆರಡನೇ ದಿನ."

"ಹೌದು."

"ಮತ್ತೆ ಇಷ್ಟು ದಿನ ಯಾಕೆ ಬಂದ್ರಿ?"

ಹೊರಗೆ ಬಸ್ಸೊಂದು ಹಾದುಹೋಯಿತು. ಗೋಡೆಯ ಮೇಲಿನ ಖಾಲಿ ಫ್ರೇಮುಗಳೆಲ್ಲ ನಡುಗಿದವು. ಅವನು ಅವಳನ್ನು ಈಗ ನೇರವಾಗಿ ನೋಡುತ್ತಿದ್ದ, ಕಣ್ಣು ಕೀಳದೆ.

"ನಾನೂ ನೀವು ಬರ್ತೀರಿ ಅಂತ ದಿನಾ ಹತ್ತು ಗಂಟೆಗೆ ತಲೆ ಬಾಚ್ಕೊಳ್ತಿದ್ದೆ," ಎಂದ ಮೆಲ್ಲಗೆ. "ನಿಮ್ಮ ಮೇಲೆ ನನಗೇನಾದ್ರೂ ಅಧಿಕಾರ ಇದ್ರೆ ಒಂದೇ ಒಂದು ಕೇಳ್ತೀನಿ. ನನ್ನ ಹೆಸರೇ ಬರೀರಿ. ಆ ಮಹಡಿ ಮನೆಯಲ್ಲಿ ಅವತ್ತು ಇದ್ದಿದ್ದು ಅಕ್ಕ ಭಾವ ಇಬ್ಬರೇ. ನಾನಲ್ಲ ಅಂದ್ರೆ ಇನ್ಯಾರು ಅಂತ ಕೇಳ್ತಾರೆ."

"ನಿಮ್ಮ ಕೈಗೆ ನಾನೇ ಬೇಡಿ ಹಾಕ್ಲಾ? ನನ್ನಿಂದಾಗಲ್ಲ."

ಮಾರನೆಯ ಬೆಳಿಗ್ಗೆ ಅಪ್ಪನಿಗೆ ಹಳೆಯ ಸಹೋದ್ಯೋಗಿಯ ಫೋನ್ ಬಂತು. ಫ್ರೇಮಿನವನು ತಾನಾಗಿ ಠಾಣೆಗೆ ಹೋಗಿ, ಭಾವನನ್ನು ಕೊಂದವನು ನಾನೇ ಎಂದು ಸಹಿ ಹಾಕಿದ್ದ.

ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ರಿಜಿಸ್ಟರಿನ ನಕಲು ನಿನ್ನ ಹತ್ರ ಇದೆ ಗುಬ್ಬಿ. ಕೊಟ್ರೆ ಅವನು ಹೊರಗೆ, ಅವನ ಅಕ್ಕ ಒಳಗೆ. ಕೊಡದಿದ್ರೆ ಉಲ್ಟಾ. ನಾನು ಏನೂ ಹೇಳಲ್ಲ. ನಿನ್ನ ಕೇಸು."

ಗುಬ್ಬಿ ನಕಲನ್ನು ಬ್ಯಾಗಿನಲ್ಲಿಟ್ಟುಕೊಂಡು ಠಾಣೆಗೆ ಹೋಗಲಿಲ್ಲ. ಅವನ ಅಕ್ಕನ ಮನೆಯ ಬಾಗಿಲು ತಟ್ಟಿದಳು.

ಬಾಗಿಲು ತೆರೆದ ಹೆಂಗಸು ಬಟ್ಟೆ ಮಡಚುತ್ತಿದ್ದಳು. ಬಿಸಿಲಿತ್ತು, ಆದರೂ ತುಂಬು ತೋಳಿನ ರವಿಕೆ. ಗುಬ್ಬಿ ತಮ್ಮನ ಸುದ್ದಿ ಹೇಳುತ್ತಿದ್ದಂತೆ ಅವಳು ಕೈಯಲ್ಲಿದ್ದ ಟವೆಲನ್ನು ಎರಡು ಸಲ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಬೆಲ್ಟು ಕೈಗೆ ಸುತ್ಕೊಂಡು ಮೆಟ್ಟಿಲು ಹತ್ತಿ ಬರ್ತಿದ್ರು," ಎಂದಳು. "ಎರಡೂ ಕೈ ಮುಂದೆ ಚಾಚಿದೆ. ಅಷ್ಟೇ. ತಡೆಯೋಕೋ ತಳ್ಳೋಕೋ, ನನಗೇ ಗೊತ್ತಿಲ್ಲ ಕಣಮ್ಮಾ. ಬಿದ್ದಮೇಲೆ ಕೆಳಗಿಳಿದು ನೋಡೋಕೆ ಹತ್ತು ನಿಮಿಷ ಬೇಕಾಯ್ತು. ಎದ್ದುಬಿಟ್ರೆ ಅಂತ ಭಯ."

"ಅಕ್ಕಾ, ನಾನು ನಿಮ್ಮನ್ನ ಬಲವಂತ ಮಾಡೋಕೆ ಬಂದಿಲ್ಲ."

"ನೀನೇನಾ ಚಿಲಕದವಳು?" ಅವಳು ಗುಬ್ಬಿಯ ಮುಖವನ್ನು ದಿಟ್ಟಿಸಿದಳು. "ಹತ್ತು ದಿನದಿಂದ ಅವನ ಬಾಯಲ್ಲಿ ಬೇರೆ ಮಾತಿಲ್ಲ." ಟವೆಲನ್ನು ಬೀರುವಿನೊಳಗಿಟ್ಟು, ಬೀರು ಮುಚ್ಚಿ, ಒಲೆ ಆರಿದೆಯೇ ಎಂದು ನೋಡಿ ಬಂದಳು. "ನಡಿ. ನನಗೋಸ್ಕರ ಅವನು ಇನ್ನೆಷ್ಟು ಹಾಳಾಗ್ಬೇಕು?"

ಠಾಣೆಯಲ್ಲಿ ತಮ್ಮನನ್ನು ಹೊರಬಿಟ್ಟು ಅಕ್ಕನನ್ನು ಒಳಗೆ ಕರೆದೊಯ್ದರು. ಅವನು ಬೆಂಚಿನ ಮೇಲಿದ್ದ ಗುಬ್ಬಿಯ ಮುಂದೆಯೇ ಹಾದುಹೋದ. ತಿರುಗಿ ನೋಡಲಿಲ್ಲ.

ಕೋರ್ಟಿನಲ್ಲಿ ಯಾರೂ ಎಣಿಸದ ಸಾಕ್ಷಿ ನುಡಿದವಳು ಸತ್ತವನ ತಾಯಿ. "ಕೆಳಗಿನ ಮನೆಯಲ್ಲೇ ಇದ್ದೆ. ಆರು ವರ್ಷದಿಂದ ನನಗೆ ಕೇಳಿಸ್ತಿತ್ತು," ಎಂದಳು ಮುದುಕಿ. "ರೇಡಿಯೋ ಜೋರು ಮಾಡ್ತಿದ್ದೆ." ಹೇಳಿ ಮುಗಿಸಿದ ಮೇಲೂ ಕಟಕಟೆಯಿಂದ ಇಳಿಯಲು ಅವಳಿಗೆ ತೋಚಲಿಲ್ಲ, ಗುಬ್ಬಿಯ ಅಮ್ಮ ಹೋಗಿ ಕೈಹಿಡಿದು ಕರೆತಂದರು. ಆ ಮಾತಿನಿಂದ ಶಿಕ್ಷೆ ಮೂರು ವರ್ಷಕ್ಕೆ ಇಳಿಯಿತು.

ಫ್ರೇಮಿನವನು ಪ್ರತಿ ಮಂಗಳವಾರ ಅಂಗಡಿ ಮುಚ್ಚಿ ಅಕ್ಕನನ್ನು ನೋಡಲು ಜೈಲಿಗೆ ಹೋಗುತ್ತಾನೆಂದು ಗುಬ್ಬಿಗೆ ಗೊತ್ತಿತ್ತು. ಅದಕ್ಕೇ ಅವಳು ಶನಿವಾರ ಹೋಗುತ್ತಿದ್ದಳು. ಸೋಪು, ಬಾಚಣಿಗೆ, ವಾರಪತ್ರಿಕೆ. ಅಕ್ಕನ ಜೊತೆ ಏನೇನೋ ಹರಟೆ. ಅವನ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಎಂಟು ತಿಂಗಳು ಹಾಗೇ ಕಳೆಯಿತು. ಬೇರೆಯವರನ್ನು ಹಿಂಬಾಲಿಸುವಾಗಲೂ ಗುಬ್ಬಿಯ ಕಾಲು ಎರಡು ಸಲ ತಾನಾಗಿ ಅವನ ಬೀದಿಗೆ ತಿರುಗಿತ್ತು. ಎರಡು ಸಲವೂ ಗಿರಾಕಿಯ ಗಂಡ ತಪ್ಪಿಸಿಕೊಂಡ.

ಒಂದು ಶನಿವಾರ ಹೋದರೆ ಜೈಲಿನ ಬೆಂಚಿನ ಮೇಲೆ ಅವನು ಕೂತಿದ್ದ. ಸೊರಗಿದ್ದ. ತಲೆ ಬಾಚಿರಲಿಲ್ಲ.

"ಮಂಗಳವಾರ ಭೇಟಿ ಬಂದ್, ಶನಿವಾರ ಬಾ ಅಂದಿದ್ಲು ಅಕ್ಕ," ಎಂದ. "ಬಂದ್ ಇಲ್ಲ ಅಂತ ಈಗ ಗೊತ್ತಾಯ್ತು."

ಗುಬ್ಬಿ ದೂರ ಬಿಟ್ಟು ಕೂತಳು.

"ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ," ಎಂದ ಅವನು, ನೆಲ ನೋಡುತ್ತಾ.

"ಗೊತ್ತು."

"ನೀವು ಮಾಡಿದ್ದು ತಪ್ಪು ಅಂತಾನೂ ಹೇಳೋಕಾಗ್ತಿಲ್ಲ. ಅದಕ್ಕೇ ಜಾಸ್ತಿ ಸಿಟ್ಟು." ಅಂಗೈಯ ಕಲೆಯನ್ನು ಉಜ್ಜಿಕೊಂಡ. "ಬಾಗಿಲಲ್ಲಿ ಯಾರದ್ದಾದ್ರೂ ನೆರಳು ಬಿದ್ರೆ ಈಗ್ಲೂ ಗಾಜು ತಪ್ಪು ಕೊಯ್ತೀನಿ. ಎಷ್ಟು ಗಾಜು ಹಾಳಾಯ್ತೋ."

ಗುಬ್ಬಿಯ ಕಣ್ಣು ತುಂಬಿ ಬಂತು. "ನಾನು ಬರ್ಬೇಕು ಅಂತ ದಿನಾ ಹೊರಡ್ತೀನಿ," ಎಂದಳು. "ನಿಮ್ಮ ಬೀದಿಯ ಮೂಲೆಯಲ್ಲಿ ನಿಂತು ವಾಪಸ್ ಹೋಗ್ತೀನಿ. ಯಾರನ್ನ ಬೇಕಾದ್ರೂ ಹಿಂಬಾಲಿಸ್ತೀನಿ, ಎದುರಿಗೆ ಬರೋಕೇ ನನಗೆ ಗೊತ್ತಿಲ್ಲ."

ಕಿಟಕಿಯೊಳಗಿನ ಗುಮಾಸ್ತ ಕೂಗಿದ. ಇಬ್ಬರೂ ಎದ್ದು ಹೋದರು.

"ನೀವು ಕೈದಿಗೆ ಏನಾಗ್ಬೇಕು?"

"ತಮ್ಮ."

"ಇವರು?"

ಪ್ರತಿ ವಾರ ಬರೆಸುತ್ತಿದ್ದ 'ಪರಿಚಯದವರು' ಎಂಬುದು ಗುಬ್ಬಿಯ ಬಾಯಿಯಿಂದ ಹೊರಡುವ ಮೊದಲೇ ಅವನೆಂದ, "ತಮ್ಮನ ಹೆಂಡತಿ."

ಗುಮಾಸ್ತ ಹಿಂದಿನ ಹಾಳೆ ತಿರುವಿ ನೋಡಿ ಹುಬ್ಬೇರಿಸಿದ. "ಯಾವಾಗ ಆಯ್ತು?"

"ಆಗ್ಬೇಕು. ಅವರು ಒಪ್ಪಿದ್ರೆ."

"ಆಗ್ಬೇಕು ಅನ್ನೋದಕ್ಕೆ ಇಲ್ಲಿ ಕಾಲಂ ಇಲ್ಲ ಕಣ್ರೀ."

"ಇವತ್ತಿಗೆ ಪರಿಚಯದವರು ಅಂತಾನೇ ಬರೀರಿ," ಎಂದಳು ಗುಬ್ಬಿ. ಅವನ ಕೈ ಹುಡುಕಿ ಹಿಡಿದುಕೊಂಡಳು. "ಮುಂದಿನ ತಿಂಗಳು ತಿದ್ದಿಸ್ತೀವಿ."

ಕಬ್ಬಿಣದ ಬಾಗಿಲು ತೆರೆಯಿತು. ಜಾಲರಿಯ ಆಚೆ ಕೂತಿದ್ದ ಅಕ್ಕ ಇಬ್ಬರ ಕೈಗಳನ್ನೂ ನೋಡಿ, "ಇಷ್ಟು ತಡಾನಾ?" ಎಂದು ಗದರಿ, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಪಾಲಿಗೆ ಇನ್ನೂ ಎರಡು ವರ್ಷ ನಾಲ್ಕು ತಿಂಗಳಿತ್ತು.