ಬಾಲದ ನೀಲಿ

"ಮತ್ತೆ ವಾಪಸ್ಸಾ?!"

ಬಾಗಿಲು ತಳ್ಳಿದ ರಭಸಕ್ಕೆ ಗೋಡೆಗೆ ಒರಗಿಸಿದ್ದ ಖಾಲಿ ಚೌಕಟ್ಟೊಂದು ಜಾರಿ ಬಿತ್ತು. ಅವನು ಎದ್ದು ಅದನ್ನು ಎತ್ತಿಡುವಷ್ಟರಲ್ಲಿ ಅವಳು ಮೇಜಿನ ಎದುರು ನಿಂತಾಗಿತ್ತು.

ವಿಮಾನ ನಿಲ್ದಾಣದ ಹೊಸ ಹಜಾರಕ್ಕೆ ವಿಮಾನಗಳ ಫೋಟೋ ಆರಿಸಿ, ಗೋಡೆಯಗಲಕ್ಕೆ ಪ್ರಿಂಟ್ ಹಾಕಿಸುವ ಕೆಲಸ ಅವನದು. ಒಂದೊಂದು ಫೋಟೋವನ್ನೂ ಇಂಚಿಂಚು ಹಿಗ್ಗಿಸಿ ನೋಡುವ ಅವನಿಗೆ ಕಚೇರಿಯವರು ಇಟ್ಟ ಹೆಸರು ಭೂತಗನ್ನಡಿ.

"ಕೂತ್ಕೊಳ್ಳಿ," ಎಂದ.

"ಕೂರೋಕೆ ಬಂದಿಲ್ಲ! ನನ್ನ ಫೋಟೋದಲ್ಲಿ ಏನು ತಪ್ಪಿದೆ?"

"ಬರೆದಿದ್ದೀನಲ್ಲ... ಬಾಲದ ನೀಲಿ ಪಟ್ಟೆ ಪಟ್ಟೆಯಾಗಿದೆ. ದೊಡ್ಡದು ಮಾಡಿದ್ರೆ ಅಸಹ್ಯವಾಗಿ ಕಾಣುತ್ತೆ."

ಅಸಹ್ಯ!

ಆ ವಿಮಾನದ ಬಾಲಕ್ಕೆ ಬಣ್ಣ ಹೊಡೆದವರು ಅವಳ ಅಪ್ಪ. ಬುಡದಲ್ಲಿ ಕಡುನೀಲಿ, ಮೇಲೇರುತ್ತಾ ತೆಳುವಾಗಿ, ತುದಿಯಲ್ಲಿ ಬೆಳಗಿನ ಆಕಾಶದಂತೆ ಕರಗಿಹೋಗುವ ನೀಲಿ. ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ಈಗ ಆ ವಿಮಾನವನ್ನೇ ಒಡೆದು ಗುಜರಿಗೆ ಹಾಕಿದ್ದಾರೆ. ಉಳಿದಿರುವುದು ಅದರ ಕೊನೆಯ ಹಾರಾಟದಲ್ಲಿ ಅವಳು ತೆಗೆದ ಈ ಒಂದು ಫೋಟೋ ಮಾತ್ರ. ಅಪ್ಪ ಕಣ್ತುಂಬ ನೋಡುವಂತೆ ಅದು ಆ ಗೋಡೆಯ ಮೇಲೇರಬೇಕು. ಅವಳಿಗೆ ಬೇರೇನೂ ಬೇಕಿರಲಿಲ್ಲ.

"ಆ ಬಣ್ಣ ಹೊಡೆದೋರು ನಮ್ಮಪ್ಪ. ಅವರ ಕೈಯಲ್ಲಿ ಪಟ್ಟೆ ಬರೋದೇ ಇಲ್ಲ!"

"ಅಯ್ಯೋ, ನಾನು ಹೇಳಿದ್ದು ಆ ಬಣ್ಣಕ್ಕಲ್ಲ..."

ಕೇಳಿಸಿಕೊಳ್ಳಲು ಅವಳು ಅಲ್ಲಿರಲಿಲ್ಲ.

ಹೊರಗೆ ಟಪಾಲು ನೋಡಿಕೊಳ್ಳುವ ಹೆಂಗಸು ನೀರಿನ ಲೋಟ ಕೈಗಿತ್ತಳು.

"ಅವರಿಗೆ ನನ್ನ ಮೇಲೆ ಅದೇನು ದ್ವೇಷ ಅಕ್ಕಾ?"

"ದ್ವೇಷವಾ? ಚೆನ್ನಾಗಿ ಹೇಳಿದೆ! ಬೇರೆಯವರ ಫೋಟೋ ಒಂದು ಸಲ ಬೇಡ ಅಂದ್ರೆ ಮುಗೀತು ಕಣಮ್ಮಾ. ನಿನ್ನ ಫೋಟೋಗೆ ಅಂತ ಹಜಾರದ ನಡುಗೋಡೆ ಖಾಲಿ ಇಟ್ಕೊಂಡು, ಮೇಲಿನೋರ ಹತ್ರ ದಿನಾ ಬೈಸಿಕೊಳ್ತಿದ್ದಾರೆ. ಫೋಟೋ ಕೊಡೋಕೆ ನಾಳೆ ಸಂಜೆಯೇ ಕಡೆ."

ಅವಳ ಕೈಯಲ್ಲಿನ ಲೋಟ ಅಲ್ಲೇ ನಿಂತಿತು. *ಹಾಗಾದರೆ... ಯಾಕೆ?*

ಮತ್ತೆ ಒಳಗೆ ಹೋದಳು. ಈ ಸಲ ಬಾಗಿಲು ಮೆಲ್ಲಗೆ ತೆರೆಯಿತು.

"ತೋರಿಸಿ."

ಅವನು ಬಾಲದ ಭಾಗವನ್ನು ಹಿಗ್ಗಿಸಿದ. ಕರಗಬೇಕಾದ ನೀಲಿ ಮೆಟ್ಟಿಲು ಮೆಟ್ಟಿಲಾಗಿ ನಿಂತಿತ್ತು. ಬಾಲದ ಅಂಚಿನ ಸುತ್ತ ಹಿಟ್ಟು ಚೆಲ್ಲಿದಂತೆ ಕೊಳಕು ಚುಕ್ಕಿಗಳು.

"ಇದು ನಿಮ್ಮಪ್ಪ ಮಾಡಿದ್ದಲ್ಲ, ವಿಮಾನದ್ದೂ ಅಲ್ಲ. ಫೈಲ್ ಕೆಟ್ಟಿದೆ. ಎಲ್ಲೆಲ್ಲಿ ಸುತ್ತಾಡಿ ಬಂತು ಇದು?"

ತಡವರಿಸುತ್ತಾ ಹೇಳಿದಳು. ಪ್ರತಿ ತಿದ್ದುಪಡಿಯನ್ನೂ ಅಪ್ಪನ ಫೋನಿಗೆ ಮೆಸೇಜಿನಲ್ಲಿ ಕಳಿಸುತ್ತಿದ್ದಳು. ಅಪ್ಪ ನೋಡಿ, ಹಿಡಿಸಿದ್ದನ್ನು ವಾಪಸು ಕಳಿಸುತ್ತಿದ್ದರು. ಹಿರಿಯ ಪೇಂಟರ್ ಒಪ್ಪಿದ ಬಣ್ಣದ ಮಾದರಿ ಹಲಗೆಯೇ ಪ್ರಮಾಣ, ಅದನ್ನು ಬಿಟ್ಟು ಬೇರೆ ಹಲಗೆ ಹಿಡಿಯಬಾರದು. ಇದು ಅಪ್ಪ ದುಡಿದ ಬಣ್ಣದ ಶೆಡ್ಡಿನ ಕಟ್ಟಳೆ. ಅವಳು ಅದರಲ್ಲೇ ಬೆಳೆದವಳು. ಹಾಗಾಗಿ ಅಪ್ಪ ಒಪ್ಪಿ ಕಳಿಸಿದ ಪ್ರತಿಯ ಮೇಲೆಯೇ ಮುಂದಿನ ತಿದ್ದುಪಡಿ. ಮತ್ತೆ ಅಪ್ಪನಿಗೆ. ಮತ್ತೆ ವಾಪಸು.

ಅವನು ಹಣೆ ಹಿಡಿದುಕೊಂಡ.

"ಮೆಸೇಜಿನಲ್ಲಿ ಹೋದಾಗೆಲ್ಲ ಫೋಟೋ ಕುಗ್ಗುತ್ತೆ ರೀ. ಫೈಲ್ ಸಣ್ಣದಾಗಲಿ ಅಂತ ಜೆಪೆಗ್ ಮಾಡಿ ಸೇವ್ ಮಾಡಿದಾಗಲೂ ಅಷ್ಟೇ. ಪಾತ್ರೆಯಿಂದ ಪಾತ್ರೆಗೆ ಎಣ್ಣೆ ಸುರಿದ ಹಾಗೆ... ಪ್ರತಿ ಸಲ ಒಂದಿಷ್ಟು ಹಿಂದೆ ಉಳಿಯುತ್ತೆ. ಕ್ಯಾಮೆರಾದ ಮೂಲ ಫೈಲ್ ಇದೆಯಾ?"

"ಇದೆ. ಆದರೆ... ಅಪ್ಪ ಒಪ್ಪಿದ್ದನ್ನ ಕೈಬಿಟ್ಟೆ ಅಂತ ಅಪ್ಪನಿಗೇ ಹೇಗೆ ಹೇಳಲಿ?!"

"ನಾನು ಹೇಳ್ತೀನಿ."

"ನೀವಾ? ನಿಮ್ಮ ಬಾಯಲ್ಲಿ 'ಅಸಹ್ಯ' ಬಿಟ್ಟು ಬೇರೆ ಮಾತೇ ಇಲ್ಲ. ಅವರನ್ನೇ ಕರ್ಕೊಂಡು ಬರ್ತೀನಿ."

ಮರುದಿನ ಬೆಳಿಗ್ಗೆ ಅಪ್ಪ ಬಂದರು. ಮೊಣಕಾಲಿನ ನೋವಿಗೆ ಮೆಟ್ಟಿಲು ಕಷ್ಟ, ಯಾರಾದರೂ ಕೈ ಹಿಡಿದರೆ ಮನಸ್ಸಿಗೆ ಇನ್ನೂ ಕಷ್ಟ. ಅವನು ಕೈ ಹಿಡಿಯಲು ಹೋಗಲಿಲ್ಲ. ತಾನೂ ಜೊತೆಗೆ ಹತ್ತುತ್ತಾ, ಷೂ ದಾರ ಕಟ್ಟುವ ನೆಪದಲ್ಲಿ ಅಲ್ಲಲ್ಲಿ ಬಗ್ಗಿ ನಿಂತ. ಅವನ ಷೂ ದಾರ ಬಿಚ್ಚಿರಲೇ ಇಲ್ಲವೆಂದು ಹಿಂದೆ ಬರುತ್ತಿದ್ದ ಅವಳಿಗೆ ಕಂಡಿತು.

ಅಪ್ಪ ದೊಡ್ಡ ಪರದೆಯ ಮುಂದೆ ಕೂತರು.

"ಯಾರಪ್ಪಾ ಇದನ್ನ ಹೊಡೆದೋನು? ಅವನ ಕೈಗೆ ಸ್ಪ್ರೇ ಬದಲು ಪೊರಕೆ ಕೊಟ್ಟಿದ್ರಾ?"

"ಅಪ್ಪಾ... ನೀವೇ ಒಪ್ಪಿ ಕಳಿಸಿದ್ದು ಇದು."

ಅಪ್ಪನ ನಗು ಮಾಯವಾಯಿತು. ಕನ್ನಡಕ ಒರೆಸಿ ಮತ್ತೆ ನೋಡಿದರು.

"ಅಂಗೈಯಗಲದ ಫೋನಿನಲ್ಲಿ ಏನೂ ಗೊತ್ತಾಗಲಿಲ್ಲ ಕಣೇ... ಕೆಟ್ಟ ಬಣ್ಣದ ಮೇಲೆ ಬಣ್ಣ ಹೊಡೆಯಬಾರದು ಮಗಳೇ. ಉಜ್ಜಿ ತೆಗೆದುಬಿಡು. ಮೊದಲಿಂದ ಮಾಡೋಣ."

ಮೂಲ ಫೈಲ್ ತೆರೆದು ಶುರು ಮಾಡಿದಳು. ಪಕ್ಕದಲ್ಲಿ ಅವನು.

"ಮಧ್ಯದಲ್ಲಿ ಜೆಪೆಗ್ ಮಾಡಬೇಡಿ. ಕೊನೆಗೆ ಒಂದೇ ಸಲ."

"ಗೊತ್ತಾಯ್ತು."

"ಅಂಚು ಅಷ್ಟು ಚೂಪು ಮಾಡಬೇಡಿ, ಚುಕ್ಕಿ ಏಳುತ್ತೆ."

"ಗೊತ್ತಾಯ್ತು ರೀ!"

"ಆಕಾಶದ ಬಣ್ಣನ ಅಷ್ಟು ಏರಿಸಬೇಡಿ..."

"ಬೇಡ, ಬೇಡ, ಬೇಡ! ನಾನೇ ಎದ್ದು ಹೋಗಲಾ?"

"ಬೇಡ!" ಎಂದುಬಿಟ್ಟ ಅವನು. ಕಿವಿ ಕೆಂಪಾಯಿತು. ಅಪ್ಪ ಕೆಮ್ಮಿ ಕಿಟಕಿಯ ಕಡೆ ತಿರುಗಿದರು.

ಕೊನೆಗೆ ಫೋಟೋವನ್ನು ಜೆಪೆಗ್ ಮಾಡಿ ನೋಡಿದರೆ, ಬಾಲದ ತುದಿಯಲ್ಲಿ ಇನ್ನೂ ಮಸುಕಾದ ಎರಡು ಗೆರೆ! ಅವಳು ಮೌಸನ್ನು ತಳ್ಳಿದಳು. ಕಣ್ಣಲ್ಲಿ ನೀರು. ಗಡಿಯಾರ ನೋಡಲೂ ಭಯ.

"ನನ್ನಿಂದ ಆಗಲ್ಲ. ಬಿಟ್ಟುಬಿಡಿ."

"ಧೂಳಿನಂಥ ಕಣ ಸ್ವಲ್ಪ ಸೇರಿಸಿ," ಎಂದ ಅವನು ಮೆಲ್ಲಗೆ. "ಕಣ್ಣಿಗೆ ಕಾಣದಷ್ಟು ನವಿರಾಗಿ, ನೀಲಿಯ ಮೇಲೆ. ಆಗ ಗೆರೆ ನಿಲ್ಲಲ್ಲ."

"ತುಂತುರು!" ಅಪ್ಪ ತಿರುಗಿದರು. "ನಾನೂ ಕೊನೆಗೆ ದೂರದಿಂದ ಒಂದು ತುಂತುರು ಬಿಡ್ತಿದ್ದೆ. ಹಾಗೆ ಮಾಡು!"

ಮಾಡಿದಳು. ಗುಣಮಟ್ಟವನ್ನು ಪೂರ್ತಿ ಏರಿಸಿ, ಮತ್ತೆ ಮೂಲದಿಂದಲೇ ಜೆಪೆಗ್ ಮಾಡಿದಳು. ಹಿಗ್ಗಿಸಿದಳು... ಇನ್ನೂ ಹಿಗ್ಗಿಸಿದಳು.

ಅಪ್ಪ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಹ್ಞೂಂ," ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಅವಳು ಕೇಳಿರಲಿಲ್ಲ.

ಪ್ರದರ್ಶನದ ದಿನ ನಡುಗೋಡೆಯ ತುಂಬ ಅದೇ ಬಾಲ. ಬುಡದಿಂದ ತುದಿಯವರೆಗೆ ಒಂದೇ ಉಸಿರಿನಂಥ ನೀಲಿ. ಅಪ್ಪ ಅದರ ಮುಂದೆ ನಿಂತು, ಸುಳಿದಾಡುವ ಪ್ರಯಾಣಿಕರಿಗೆಲ್ಲ "ನಾನು ಹೊಡೆದಿದ್ದು" ಎನ್ನುತ್ತಿದ್ದರು. ಒಬ್ಬ ಮುದುಕಿ ಅವರ ಕೈ ಕುಲುಕಿ ಹೋದಾಗ ಕನ್ನಡಕ ತೆಗೆದು ಒರೆಸಿಕೊಂಡರು.

ಸ್ವಲ್ಪ ದೂರದಲ್ಲಿ ಕಂಬದ ಪಕ್ಕ ಇವರಿಬ್ಬರು.

"ಅವತ್ತು ಅಸಹ್ಯ ಅಂದ್ರಲ್ಲ..."

"ಮಾತಾಡೋಕೆ ಬರಲ್ಲ ನನಗೆ. ಅಷ್ಟು ಚೆಂದದ್ದು ಹಾಳಾಗಿದೆಯಲ್ಲ ಅಂತ ಹೊಟ್ಟೆ ಉರೀತಿತ್ತು."

"ಗೋಡೆ ಯಾಕೆ ಖಾಲಿ ಇಟ್ಟಿರಿ?"

"ಮೊದಲು... ಫೋಟೋಗೆ." ಅವನು ಉಗುಳು ನುಂಗಿದ. "ಆಮೇಲೆ... ಬೈಯೋಕಾದ್ರೂ ನೀವು ಬರ್ತೀರಲ್ಲ ಅಂತ. ನೀವು ಬರದ ದಿನ ನನಗೆ ಕೆಲಸವೇ ಸಾಗ್ತಿರಲಿಲ್ಲ."

ಅವಳು ತಲೆ ತಗ್ಗಿಸಿದಳು. ಇಷ್ಟು ದಿನ ಕುದಿದದ್ದೆಲ್ಲ ಎಲ್ಲಿಗೆ ಹೋಯಿತೋ!

"ಇನ್ಮೇಲೆ ಬೈಯೋಕೆ ಕಾರಣವೇ ಇಲ್ಲವಲ್ಲ."

"ಹುಡುಕಿ ಕೊಡ್ತೀನಿ."

"ಜೀವನ ಪೂರ್ತಿ ಸಾಕಾಗೋಷ್ಟು ಇದೆಯಾ?"

"ಧಾರಾಳ! ನಮ್ಮಮ್ಮನ್ನ ಕೇಳಿ ಬೇಕಾದ್ರೆ."

ಅವಳು ಮೊದಲ ಸಲ ಅವನ ಕಣ್ಣನ್ನೇ ನೋಡಿದಳು.

"ಹಾಗಾದ್ರೆ... ಕರ್ಕೊಂಡು ಹೋಗಿ. ಕೇಳ್ತೀನಿ."